ಅಂಚಿನಿಂದ ಶುರು ಮಾಡಿ ಹೆಣೆದ ಶಾಲು: ನನ್ನ ಅನುಭವ

ಹನ್ನೊಂದನೇ ಶಾಲು ಹೋದ ವಾರ ಮುಗಿಯಿತು. ಕೊನೆಯಲ್ಲಿ ಕಡ್ಡಿಯ ಮೇಲೆ ಇದ್ದದ್ದು ಐದೇ ಐದು ಕುಣಿಕೆ. ದಾರ ಕತ್ತರಿಸಿದೆ, ಆ ಐದರೊಳಗೆ ಎಳೆದು ಬಿಗಿದೆ, ಅಷ್ಟೆ. ಉಂಡೆಯಲ್ಲಿ ಇನ್ನೂ 7 ಗ್ರಾಂ ಉಳಿದಿತ್ತು. ಕತ್ತಿನಿಂದ ಕೆಳಕ್ಕೆ ತ್ರಿಕೋನ ಶಾಲು ಹೆಣೆದವರಿಗೆ ಈ ನೆಮ್ಮದಿ ಎಂಥದ್ದೆಂದು ಬೇರೆ ಹೇಳಬೇಕಿಲ್ಲ. ಮುನ್ನೂರು ಕುಣಿಕೆಯ ಕೊನೆಯ ಸಾಲನ್ನು ಮುಚ್ಚುತ್ತಾ, ಪಕ್ಕದಲ್ಲಿ ಉಂಡೆ ಕರಗುವುದನ್ನು ನೋಡುತ್ತಾ ಕೂರುವ ಸಂಕಟ ನಿಮಗೂ ಗೊತ್ತು, ಅಲ್ವಾ?

ನಾನು ಮಾಡಿದ್ದು ಇಷ್ಟೇ. ಅಂಚಿನ ಲೇಸನ್ನು ಉದ್ದನೆಯ ಪಟ್ಟಿಯಾಗಿ ಮೊದಲೇ ಹೆಣೆದೆ. ಆ ಪಟ್ಟಿಯ ನೇರ ಬದಿಯಿಂದ ಕುಣಿಕೆ ಎತ್ತಿಕೊಂಡು, ಅವುಗಳ ಸಂಖ್ಯೆ ಇಳಿಸುತ್ತಾ ಇಳಿಸುತ್ತಾ ಕತ್ತಿನ ಕಡೆಗೆ ಹೋದೆ. ಹೆಣಿಗೆ ಕಲಿಸಿದ ಅಕ್ಕ ಇದನ್ನು ಕೇಳಿದ ದಿನವೇ "ಬೇಡ" ಅಂದರು. "ಅಳತೆ ಸಿಗಲ್ಲ, ಹನ್ನೆರಡು ಕುಣಿಕೆಯ ಪಟ್ಟಿಯನ್ನು ಆರುನೂರು ಸಾಲು ತಿರುಗಿಸಿ ತಿರುಗಿಸಿ ಸಾಕಾಗಿ ಬಿಟ್ಟುಬಿಡ್ತೀಯ" ಅಂದರು. ಜೊತೆಗೆ ಹೆಣೆಯುವ ಇನ್ನಿಬ್ಬರೂ ಅದನ್ನೇ ಹೇಳಿದರು. ಇದೇನು ನಾನು ಕಂಡುಹಿಡಿದದ್ದಲ್ಲ. ಶೆಟ್ಲೆಂಡ್ ದ್ವೀಪಗಳ ಹಳೆಯ ಚೌಕ ಶಾಲುಗಳಲ್ಲಿ ಅಂಚು ಹೆಣೆದು ಒಳಕ್ಕೆ ಹೋಗುವ ರೂಢಿ ಇತ್ತು. ರಷ್ಯಾದ ಒರೆನ್‌ಬುರ್ಗ್ ಶಾಲುಗಳೂ ಕೆಳಗಿನ ಅಂಚಿನಿಂದಲೇ ಶುರುವಾಗುತ್ತವೆ. ಅದನ್ನು ಒಂದೇ ಉಂಡೆಯ ತ್ರಿಕೋನ ಶಾಲಿಗೆ ಹೊಂದಿಸಿದ್ದು ಮಾತ್ರ ನನ್ನ ಕೆಲಸ, ಅದಕ್ಕೆ ಸುಮಾರು ಒಂದು ವರ್ಷ ಹಿಡಿಯಿತು.

ಯಾಕೆ ಈ ಹಟ ಅಂದರೆ, ದುಡ್ಡು. ಕತ್ತಿನಿಂದ ಶುರು ಮಾಡಿದರೆ ಸಾಲುಗಳಲ್ಲಿ ನೂರಕ್ಕೆ 70 ಭಾಗ ಮುಗಿದಾಗ ನೂಲು ಅರ್ಧವೇ ಖರ್ಚಾಗಿರುತ್ತದೆ. ಇನ್ನರ್ಧವನ್ನು ಕೊನೆಯ 30 ಭಾಗ ತಿಂದುಬಿಡುತ್ತದೆ. ಗೊತ್ತಿದ್ದೂ ಮೋಸ ಹೋಗುತ್ತೇವೆ. ಒಮ್ಮೆ ಒಂದೇ ಬಣ್ಣದ ಎರಡು ಶಾಲಿಗೆ ಆರ್ಡರ್ ಬಂತು. ಮೊದಲನೆಯದು ಸರಿಹೋಯಿತು. ಎರಡನೆಯದರಲ್ಲಿ ಬೈಂಡ್ ಆಫ್ ಮಾಡುವಾಗ, ಅಂದರೆ ಕೊನೆಯ ಸಾಲು ಮುಚ್ಚುವಾಗ, ಮೂರು ಮೀಟರ್ ದಾರ ಸಾಲದೆ ಹೋಯಿತು. ಬರೀ ಮೂರು ಮೀಟರ್! ಅದೇ ಡೈ ಲಾಟ್, ಅಂದರೆ ಅದರ ಜೊತೆಗೇ ಬಣ್ಣ ಹಾಕಿದ ನೂಲು, ಎಲ್ಲೂ ಇರಲಿಲ್ಲ. ಬೇರೆ ಲಾಟ್ ತಂದು ಅಂಚು ಮುಗಿಸಿದೆ. ನೆರಳಲ್ಲಿ ಒಂದೇ ಬಣ್ಣ, ಬಿಸಿಲಿಗೆ ಹಿಡಿದರೆ ಗೆರೆ ಎಳೆದ ಹಾಗೆ ಕಾಣುತ್ತಿತ್ತು. ಮುಂಗಡ ವಾಪಸ್ ಕೊಟ್ಟೆ, ಮೊದಲ ಶಾಲನ್ನೂ ನೂಲಿನ ಖರ್ಚಿಗೇ ಬಿಟ್ಟುಕೊಟ್ಟೆ. ಆಮೇಲೆ ಹೆದರಿ ಪ್ರತಿ ಶಾಲಿಗೂ ಎರಡು ಉಂಡೆ ಕೊಳ್ಳತೊಡಗಿದೆ. ಬಳಸುತ್ತಿದ್ದದ್ದು ಒಂದೂಕಾಲು. ಉಳಿದ ಮುಕ್ಕಾಲು ಉಂಡೆಗಳು ಡಬ್ಬ ತುಂಬಿದವು, ಲಾಭವೆಲ್ಲ ಆ ಡಬ್ಬದಲ್ಲೇ ಕೂತಿತು.

ಈಗ ಲೆಕ್ಕಕ್ಕೆ ಬರುತ್ತೇನೆ. 100 ಗ್ರಾಂ, ಸುಮಾರು 400 ಮೀಟರಿನ ಫಿಂಗರಿಂಗ್ ಅನ್ನುವ ತೆಳು ನೂಲು, 4 ಮಿ.ಮೀ. ಕಡ್ಡಿ. ಅಂಚಿನ ಲೇಸ್ ಹೆಚ್ಚೂಕಮ್ಮಿ 12 ಕುಣಿಕೆ ಅಗಲ, 16 ಸಾಲಿಗೆ ಒಂದು ರಿಪೀಟ್, ಅಂದರೆ ವಿನ್ಯಾಸದ ಒಂದು ಆವರ್ತನೆ. 36 ರಿಪೀಟ್ ಹೆಣೆದರೆ 576 ಸಾಲು. ಎರಡು ಸಾಲಿಗೆ ಒಂದರಂತೆ ಎತ್ತಿದರೆ 288 ಕುಣಿಕೆ, ನಡುಗೆರೆಗೆ ಒಂದು ಸೇರಿಸಿ 289. ಸರಿಬದಿಯ ಪ್ರತಿ ಸಾಲಿನಲ್ಲಿ, ಅಂದರೆ ಒಂದು ಬಿಟ್ಟು ಒಂದು ಸಾಲಿನಲ್ಲಿ, ನಾಲ್ಕು ಕುಣಿಕೆ ಇಳಿಸುತ್ತೇನೆ. ಎರಡು ತುದಿಗೆ ಒಂದೊಂದು, ನಡುವೆ ಮೂರನ್ನು ಒಂದು ಮಾಡುವುದು. 142 ಸಾಲಿಗೆ ಐದು ಕುಣಿಕೆ ಉಳಿಯುತ್ತದೆ. ಮೈಯೆಲ್ಲ, ಅಂದರೆ ಅಂಚಿನ ಒಳಗಿನ ಭಾಗ, ಗಾರ್ಟರ್ (ಎಲ್ಲ ಸಾಲೂ ನಿಟ್, ಅಂದರೆ ಸಾದಾ ಹೆಣಿಗೆ). ಗಾರ್ಟರ್‌ನಲ್ಲಿ ಎರಡು ಸಾಲಿನ ಎತ್ತರ ಒಂದು ಕುಣಿಕೆಯ ಅಗಲಕ್ಕೆ ಸಮ ಇರುವುದರಿಂದ ಕತ್ತಿನ ಅಂಚು ತಾನಾಗಿ ನೇರ ಬರುತ್ತದೆ. ಸ್ಟಾಕಿನೆಟ್‌ನಲ್ಲೂ (ಒಂದು ಸಾಲು ನಿಟ್, ಮರುಸಾಲು ಉಲ್ಟಾ) ಒಂದು ಮಾಡಿ ನೋಡಿದೆ. ಎರಡೂ ರೆಕ್ಕೆ ಕೆಳಕ್ಕೆ ಜೋತುಬಿದ್ದವು, ಪಿನ್ ಹೊಡೆದು ಎಳೆದರೂ ಪೂರ್ತಿ ಸರಿಹೋಗಲಿಲ್ಲ.

ಇಷ್ಟು ಬರೆದರೆ ಸುಲಭ ಅನ್ನಿಸುತ್ತದೆ. ಮೊದಲ ಮೂರು ಶಾಲು ಮಾರುವ ಹಾಗೆ ಬರಲೇ ಇಲ್ಲ.

ಮೊದಲನೆಯದರಲ್ಲಿ ಕೆಳಗಿನ ಮೂಲೆ ಬಟ್ಟಲಿನ ಹಾಗೆ ಮೇಲಕ್ಕೆ ಮಡಚಿಕೊಂಡಿತು. ಪಟ್ಟಿ ನೇರ ಇರುತ್ತದೆ, ಮೂಲೆಯಲ್ಲಿ ಅದು ಒಂದು ಲಂಬಕೋನ ತಿರುಗಬೇಕು, ಹೊರಗಿನ ಬದಿಗೆ ಬಟ್ಟೆ ಸಾಲುವುದಿಲ್ಲ. ಪಿನ್ ಹಾಕಿ ಎಳೆದರೆ ಆ ಹೊತ್ತಿಗೆ ಸರಿ, ಎರಡು ಸಲ ಹೊದ್ದರೆ ಮತ್ತೆ ಬಟ್ಟಲು. ಈಗ 36ರ ಬದಲು 38 ರಿಪೀಟ್ ಹೆಣೆಯುತ್ತೇನೆ. ಮೂಲೆಯ ನಾಲ್ಕು ರಿಪೀಟಿನಲ್ಲಿ ಮಾತ್ರ ನಾಲ್ಕು ಸಾಲಿಗೆ ಒಂದರಂತೆ ಎತ್ತುತ್ತೇನೆ. ಒಟ್ಟು ಮತ್ತೆ 288ಕ್ಕೇ ಬರುತ್ತದೆ. ಜೊತೆಗೆ ಆ ನಾಲ್ಕರೊಳಗೆ ಕೆಲವು ಅರ್ಧ ಸಾಲುಗಳನ್ನೂ (ನಡುವಿನಲ್ಲೇ ತಿರುಗಿ ವಾಪಸ್ ಬರುವ ಸಾಲು) ಸೇರಿಸುತ್ತೇನೆ. ಎಷ್ಟು, ಎಲ್ಲಿ ಅನ್ನುವುದು ನನ್ನ ಹತ್ತಿರವೇ ಇರಲಿ, ಅದಕ್ಕೇ ನಾಲ್ಕು ತಿಂಗಳು ಕಳೆದಿದ್ದೇನೆ.

ಎರಡನೆಯದರಲ್ಲಿ ರೆಕ್ಕೆಯ ತುದಿ ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಮೊಂಡಾಗಿತ್ತು. ಹನ್ನೆರಡು ಕುಣಿಕೆ ಹಾಕಿ ಥಟ್ಟನೆ ಶುರು ಮಾಡಿದ್ದೇ ತಪ್ಪು. ಎರಡು ಕುಣಿಕೆಯಿಂದ ಹೊರಟು, ಎರಡು ಸಾಲಿಗೆ ಒಂದರಂತೆ ಏರಿಸುತ್ತಾ ಹನ್ನೆರಡಕ್ಕೆ ಬನ್ನಿ, ಇನ್ನೊಂದು ತುದಿಯಲ್ಲಿ ಹಾಗೇ ಇಳಿಯಿರಿ. ಓರೆ ಸರಿಯಾಗಿ ಕೂರುತ್ತದೆ.

ಮೂರನೆಯದರಲ್ಲಿ ಕತ್ತಿನ ಅಂಚು ಬಿಲ್ಲಿನ ಹೆದೆಯ ಹಾಗೆ ಬಿಗಿಯಾಯಿತು. ಹೆಗಲ ಮೇಲೆ ಕೂರಲೇ ಇಲ್ಲ. ಇದನ್ನು ಪೂರ್ತಿ ಬಿಚ್ಚಿದೆ. ಅಷ್ಟೂ ಗಂಟೆಗಳ ಕೆಲಸ ಹೋಯಿತು. ಈಗ ತುದಿಯಲ್ಲಿ ಒಂದು ನಿಟ್, ಒಂದು ಯಾರ್ನ್ ಓವರ್ (ದಾರವನ್ನು ಕಡ್ಡಿಗೆ ಸುತ್ತಿ ಹೊಸ ಕುಣಿಕೆ ಮಾಡುವುದು), ಆಮೇಲೆ ಮೂರನ್ನು ಒಂದು ಮಾಡುತ್ತೇನೆ. ಎರಡು ಇಳಿದು ಒಂದು ಏರುವುದರಿಂದ ಇಳಿಕೆ ಒಂದೇ. ಆದರೆ ಆ ತೂತು ಅಂಚಿಗೆ ಬೇಕಾದಷ್ಟು ಸಡಿಲ ಕೊಡುತ್ತದೆ.

ಅಳತೆ ಸಿಗುವುದಿಲ್ಲ ಅಂದರಲ್ಲ, ಅದಕ್ಕೆ ಉತ್ತರ ಸಿಕ್ಕಿದ್ದು ಆಕಸ್ಮಿಕವಾಗಿ. ಒಂದು ಪಟ್ಟಿಗೆ ಕಲೆ ಹತ್ತಿತ್ತು, ಅದನ್ನು ತೊಳೆದೆ. ತೊಳೆದ ಮೇಲೆ ಸುಮ್ನೆ ಒಣಗಿಸುವ ಬದಲು ಎಳೆದು ಪಿನ್ ಹೊಡೆದೆ. ಸುಮಾರು 130 ಸೆಂ.ಮೀ. ಇದ್ದದ್ದು 170 ಆಯಿತು. ಆಗ ತಲೆಗೆ ಹೊಳೆಯಿತು. ಪಟ್ಟಿಯನ್ನೇ ಮೊದಲು ಹೀಗೆ ನೆನೆಸಿ ಪಿನ್ ಹೊಡೆದು ಬ್ಲಾಕ್ ಮಾಡಿದರೆ ಇಡೀ ಶಾಲಿನ ಅಳತೆ ಅಲ್ಲೇ ಸಿಕ್ಕಿತಲ್ಲ! ಪಟ್ಟಿಯ ಉದ್ದಕ್ಕೆ 0.7ರಿಂದ ಗುಣಿಸಿದರೆ ತುದಿಯಿಂದ ತುದಿಗೆ ಎಷ್ಟು ಅಂತ ಬರುತ್ತದೆ, 0.35ರಿಂದ ಗುಣಿಸಿದರೆ ನಡುಗೆರೆಯ ಉದ್ದ. ಅದರ ಮೇಲೆ ಅಂಚಿನ ಅಗಲ ಸೇರಿಸಿಕೊಳ್ಳಿ. ನನ್ನದು ಒಟ್ಟು 135ರಿಂದ 140 ಸೆಂ.ಮೀ. ಅಗಲ, 70ರ ಆಸುಪಾಸು ಉದ್ದ ಬರುತ್ತದೆ. ಸಾಲದು ಅನ್ನಿಸಿದರೆ ಪಟ್ಟಿಗೆ ಇನ್ನೆರಡು ರಿಪೀಟ್ ಸೇರಿಸುವ ಅವಕಾಶ ಇನ್ನೂ ಇರುತ್ತದೆ. ಕತ್ತಿನಿಂದ ಹೆಣೆಯುವವರಿಗೆ ಶಾಲು ಮುಗಿಸಿ ನೆನೆಸುವ ತನಕ ನಿಜವಾದ ಅಳತೆ ಗೊತ್ತಾಗುವುದಿಲ್ಲ. ಅಕ್ಕನಿಗೆ ಇದನ್ನು ತೋರಿಸಿದೆ. ಟೇಪ್ ತೆಗೆದುಕೊಂಡು ಅವರೇ ಎರಡು ಸಲ ಅಳೆದರು.

ಬಣ್ಣ ಬಿಡುತ್ತದೋ ಇಲ್ಲವೋ ಅನ್ನುವುದೂ ಆಗಲೇ ತಿಳಿಯುತ್ತದೆ. ಕೆಂಪು ಅಂಚು, ಕೆನೆಬಣ್ಣದ ಮೈ ಇರುವ ಶಾಲೊಂದನ್ನು ಹಿಂದೆ ಪೂರ್ತಿ ಮುಗಿಸಿ ನೆನೆಸಿ ಕಳೆದುಕೊಂಡಿದ್ದೆ. ನೀರಿನಿಂದ ತೆಗೆದಾಗ ಮೈಯೆಲ್ಲ ಗುಲಾಬಿ. ಈಗ ಕೆಂಪು ಪಟ್ಟಿಯನ್ನು ಮೊದಲೇ ಬಿಳಿ ಬಟ್ಟೆಯ ಜೊತೆ ಅರ್ಧ ಗಂಟೆ ನೆನೆಸುತ್ತೇನೆ, ನೀರು ತಿಳಿಯಾಗುವ ತನಕ ಬದಲಾಯಿಸುತ್ತೇನೆ. ನಾಲ್ಕು ನೀರಾದರೂ ತಿಳಿಯಾಗದಿದ್ದರೆ ಕೆನೆಬಣ್ಣವನ್ನು ಅದರ ಪಕ್ಕಕ್ಕೆ ತರುವುದೇ ಇಲ್ಲ.

ಇನ್ನು ತೂಕ. ಇದೇ ಈ ವಿಧಾನದ ಜೀವ. 288 ಕುಣಿಕೆಗೆ ಲೆಕ್ಕ ಹಾಕಿದರೆ ಮೈಗೆ ಬೇಕಾಗುವ ನೂಲು ಅಂಚಿನ ಮೂರರಷ್ಟು. ಅಂಚು 23 ಗ್ರಾಂ ತಿಂದರೆ ಮೈ 69 ತಿನ್ನುತ್ತದೆ, ಒಟ್ಟು 92. ಹೆಚ್ಚೂಕಮ್ಮಿ ಅರ್ಧ ಪಟ್ಟಿ ಆದಾಗಲೇ, ಅಂದರೆ 18 ರಿಪೀಟಿಗೆ, ತಕ್ಕಡಿಗೆ ಹಾಕುತ್ತೇನೆ. ಹನ್ನೊಂದೂವರೆ ಗ್ರಾಂ ಸುತ್ತ ಇದ್ದರೆ ಸರಿ. 13 ದಾಟಿದ್ದರೆ ಕೈ ಸಡಿಲ ಅಂತ ಅರ್ಥ, ನಾಲ್ಕೈದು ರಿಪೀಟ್ ಕಡಿಮೆ ಮಾಡುತ್ತೇನೆ. ರಿಪೀಟ್ ಕಡಿಮೆಯಾದರೆ ಅಂಚು ಅದೇ ಪ್ರಮಾಣದಲ್ಲಿ ಇಳಿಯುತ್ತದೆ, ಮೈ ಅದಕ್ಕಿಂತ ಜೋರಾಗಿ ಇಳಿಯುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಉಳಿತಾಯ ಅಲ್ಲೇ ಇದೆ. ಮೈಯ ಮೊದಲ 42 ಸಾಲು ದಾಟಿದರೆ ಮೈಯ ಅರ್ಧ ನೂಲು ಮುಗಿದಂತೆ. ಅಲ್ಲಿಂದ ಮುಂದೆ ಭಯ ಇಲ್ಲ, ಪ್ರತಿ ಸಾಲೂ ಹಿಂದಿನದಕ್ಕಿಂತ ಬೇಗ ಮುಗಿಯುತ್ತದೆ. ದಿನದ ಕೆಲಸ ಮುಗಿಸಿ ದಣಿದು ಕೂತಾಗ ಈ ಒಂದು ಕಾರಣಕ್ಕೇ ನನಗೆ ಇದು ಇಷ್ಟ.

ತೂಕದಲ್ಲೂ ಒಂದು ಸಲ ಏಟು ತಿಂದೆ. ಅಂಚಿನಲ್ಲಿ 8/0 ಗಾತ್ರದ ಗಾಜಿನ ಮಣಿ ಪೋಣಿಸಿದ್ದೆ, ಸುಮಾರು 300. ಪಟ್ಟಿಯನ್ನೇ ತೂಗಿ ಲೆಕ್ಕ ಮಾಡಿದೆ. ಆ ಮಣಿ ಗ್ರಾಂಗೆ ನಲವತ್ತರ ಹತ್ತಿರ ಬರುತ್ತದೆ, ಅಂದರೆ ಏಳೆಂಟು ಗ್ರಾಂ ಬರೀ ಗಾಜು. ಅಂಚು ಜಾಸ್ತಿ ನೂಲು ತಿಂದಿದೆ ಅಂದುಕೊಂಡು ಸುಮ್ಮನೆ ರಿಪೀಟ್ ಬಿಚ್ಚಿದೆ, ಶಾಲು ಮಗುವಿನ ಅಳತೆಗೆ ಬಂತು. ಆಮೇಲಿಂದ ಹೆಣೆದದ್ದನ್ನು ತೂಗುವುದಿಲ್ಲ, ಉಳಿದ ಉಂಡೆಯನ್ನು ತೂಗುತ್ತೇನೆ. ಉಣ್ಣೆ ತೇವ ಹೀರಿದರೆ ತೂಕ ಏರುತ್ತದೆ ಅನ್ನುವುದೂ ನೆನಪಿರಲಿ. ಒಣಗಿದ ದಿನ ಒಮ್ಮೆ, ಮಳೆಯ ದಿನ ಒಮ್ಮೆ ತೂಗಿದರೆ ಒಂದೇ ಉಂಡೆ ಎರಡು ಲೆಕ್ಕ ಹೇಳುತ್ತದೆ. ಶುರುವಿನಲ್ಲಿ ತೂಗುವಾಗಲೇ ಪಕ್ಕದಲ್ಲಿ ಅದೇ ನೂಲಿನ ಚಿಕ್ಕ ತುಂಡೊಂದನ್ನೂ ತೂಗಿ ಇಡುತ್ತೇನೆ. ಅದರ ತೂಕ ಬದಲಾದರೆ ಉಂಡೆಯದ್ದನ್ನೂ ಅಷ್ಟೇ ಪ್ರಮಾಣದಲ್ಲಿ ಸರಿಮಾಡಿಕೊಳ್ಳುತ್ತೇನೆ.

ನಡುವೆ ಬೇರೆ ನೂಲುಗಳನ್ನೂ ಪ್ರಯತ್ನಿಸಿದೆ. ಸೂಪರ್‌ವಾಶ್ ಉಣ್ಣೆ (ಮೆಷಿನ್ನಿನಲ್ಲಿ ಒಗೆಯಬಹುದಾದದ್ದು) ನೀರಿಗೆ ಬಿದ್ದ ಕೂಡಲೇ ಬೆಳೆಯಿತು, ಪಟ್ಟಿ ಮೊದಲೇ ನೆನೆಸಿದ್ದರಿಂದ ಬಚಾವಾದೆ. ಶುದ್ಧ ರೇಷ್ಮೆಯಲ್ಲಿ ಹೊಳಪು ಚೆನ್ನಾಗಿ ಬಂತು, ಆದರೆ ಲೇಸಿನ ಚೂಪು ನಿಲ್ಲಲಿಲ್ಲ, ಭಾರಕ್ಕೆ ಇಳಿಯಿತು. ಅರ್ಧ ಉಣ್ಣೆ ಅರ್ಧ ರೇಷ್ಮೆ ನನಗೆ ಸರಿಹೋಯಿತು. ಅಕ್ರಿಲಿಕ್ ನೀರಿಗೆ ಬಗ್ಗುವುದಿಲ್ಲ, ಹಬೆ ಕೊಟ್ಟರೆ ಒಮ್ಮೆ ಬಗ್ಗಿ ಹಾಗೇ ನಿಲ್ಲುತ್ತದೆ. ತಪ್ಪಾದರೆ ತಿದ್ದಲು ಆಗುವುದಿಲ್ಲ, ಹಾಗಾಗಿ ಆರ್ಡರಿಗೆ ಅದನ್ನು ಮುಟ್ಟುವುದಿಲ್ಲ. ಎಸ್ಟೋನಿಯಾದ ಲೇಸಿನಲ್ಲಿ ಬರುವ ನುಪ್, ಅಂದರೆ ಗುಂಡಿಯಂಥ ಉಬ್ಬು, ಹಾಕಿ ನೋಡಿದೆ, ಏಳು ಸುತ್ತಿನದು. ಅಂಚು ನೋಡಲು ಬಹಳ ಚೆಂದ. ನೂಲು ಮಾತ್ರ ಗ್ರಾಂಗಟ್ಟಲೆ ಎಳೆದುಕೊಂಡಿತು, ಮೂರರಷ್ಟು ಅನ್ನುವ ಲೆಕ್ಕ ಅಲ್ಲಿ ಕೆಲಸಕ್ಕೆ ಬರುವುದಿಲ್ಲ.

ಈಗ ದುಡ್ಡಿನ ಮಾತು. ಒಂದು ಶಾಲಿಗೆ 30 ಗಂಟೆ ಹಿಡಿಯುತ್ತದೆ, ಅದರಲ್ಲಿ ಎಂಟೊಂಬತ್ತು ಗಂಟೆ ಅಂಚಿಗೇ ಹೋಗುತ್ತದೆ. ಕತ್ತಿನಿಂದ ಹೆಣೆಯುತ್ತಿದ್ದಾಗಲೂ ಹೆಚ್ಚೂಕಮ್ಮಿ ಅಷ್ಟೇ ಆಗುತ್ತಿತ್ತು, ಬಿಚ್ಚುವ ಗಂಟೆಗಳು ಬೇರೆ. ಆ ಬಿಚ್ಚುವ ಗಂಟೆಗಳು ಈಗ ಇಲ್ಲ. ಒಂದು ಶಾಲಿಗೆ ಒಂದೇ ಉಂಡೆ ಕೊಳ್ಳುತ್ತೇನೆ, ನೂಲಿನ ಖರ್ಚು ಅರ್ಧಕ್ಕೆ ಇಳಿಯಿತು. ಹಿಂದೆ ನೂಲಿನ ಬೆಲೆಯ ಮೂರು ಪಟ್ಟು ಕೇಳುತ್ತಿದ್ದೆ, ಅದು ಗಂಟೆಗೆ ಲೆಕ್ಕ ಹಾಕಿದರೆ ಏನೂ ಅಲ್ಲ. ಈಗ ನೂಲಿನ ಲೆಕ್ಕವನ್ನೇ ಬಿಟ್ಟಿದ್ದೇನೆ, ಗಂಟೆಗಿಷ್ಟು ಅಂತ ಹೇಳುತ್ತೇನೆ. ಕೊಳ್ಳುವವರು ಪಟ್ಟಿಯನ್ನು ಕೈಯಲ್ಲಿ ಹಿಡಿದು ನೋಡಿ ಮುಂಗಡ ಕೊಡುತ್ತಾರೆ. ಬಣ್ಣ ಇಷ್ಟವಾಗದಿದ್ದರೆ ಅಲ್ಲೇ ಗೊತ್ತಾಗುತ್ತದೆ, ನನ್ನ ನಷ್ಟ ಕಾಲು ಉಂಡೆಗೆ ನಿಲ್ಲುತ್ತದೆ. ಇದು ಮಾತ್ರ ನಾನು ಎಣಿಸದೇ ಬಂದ ಲಾಭ.

ಈಗ ಅರ್ಧವೃತ್ತದ ಶಾಲು ನಡೆಯುತ್ತಿದೆ. ಹೆಣಿಗೆ ವಿನ್ಯಾಸಕಿ ಎಲಿಜಬೆತ್ ಜಿಮ್ಮರ್‌ಮನ್ ಅವರ ಪೈ ಶಾಲು ನಿಮಗೆ ಗೊತ್ತಿರುತ್ತದೆ, ತ್ರಿಜ್ಯ ಎರಡರಷ್ಟಾದಾಗ ಕುಣಿಕೆಯನ್ನೂ ಎರಡರಷ್ಟು ಮಾಡುವುದು. ಅದನ್ನೇ ಹಿಂದುಮುಂದು ಮಾಡಿದ್ದೇನೆ. ಅರ್ಧ ದಾರಿಗೆ ಬಂದಾಗ ಒಂದೇ ಸಾಲಿನಲ್ಲಿ ಎರಡೆರಡನ್ನು ಸೇರಿಸಿ ಅರ್ಧಕ್ಕೆ ಇಳಿಸುವುದು, ಉಳಿದ ದಾರಿಯ ಅರ್ಧದಲ್ಲಿ ಮತ್ತೆ ಅರ್ಧ. ಮೂಲೆ ಇಲ್ಲ, ಬಟ್ಟಲಿನ ಕಾಟವೂ ಇಲ್ಲ. ಆದರೆ ಮೊದಲ ಸಲ ಅಭ್ಯಾಸಬಲದಿಂದ ಅದೇ 36 ರಿಪೀಟ್ ಹಾಕಿ, ಮೊದಲ ಇಳಿಕೆಗೂ ಮುಂಚೆಯೇ ಉಂಡೆ ಖಾಲಿಯಾಯಿತು. ಅಂಚು ಅಷ್ಟೇ ಉದ್ದ ಇದ್ದರೂ ಅರ್ಧವೃತ್ತದ ಮೈ ತ್ರಿಕೋನಕ್ಕಿಂತ ಒಂದೂವರೆಯಷ್ಟಕ್ಕೂ ಜಾಸ್ತಿ ಕುಣಿಕೆ ಬೇಡುತ್ತದೆ. ಬಿಚ್ಚಿ 28 ರಿಪೀಟಿಗೆ ಇಳಿಸಿದ್ದೇನೆ. 224 ಕುಣಿಕೆ ಎತ್ತಿ ಆಗಿದೆ, ನಿನ್ನೆ ರಾತ್ರಿ ತೂಗಿದಾಗ ಉಂಡೆಯಲ್ಲಿ 81 ಗ್ರಾಂ ಇತ್ತು. ಮೈಗೆ 74 ಸಾಕು.