ಗಿಟಾರ್ ಆಂಪ್ಲಿಫೈಯರ್‌ನ ಗಡಗಡ ಸದ್ದನ್ನು ಪತ್ತೆಹಚ್ಚುವ ಕ್ರಮ

ವಾಲ್ವ್‌ಗಳಿರುವ (ಸದ್ದಿನ ಸಂಕೇತವನ್ನು ಹಿಗ್ಗಿಸುವ ಗಾಜಿನ ಕೊಳವೆಗಳಿರುವ) ಕಾಂಬೋ ಆಂಪ್ಲಿಫೈಯರ್‌ನಲ್ಲಿ ಸ್ಪೀಕರ್, ಟ್ರಾನ್ಸ್‌ಫಾರ್ಮರ್, ಗಾಜಿನ ವಾಲ್ವ್‌ಗಳು, ಸದ್ದಿಗೆ ಅನುರಣನ ಕೊಡುವ ರಿವರ್ಬ್ ಸ್ಪ್ರಿಂಗ್‌ಗಳು ಎಲ್ಲವೂ ಒಂದೇ ಪೆಟ್ಟಿಗೆಯೊಳಗೆ ಇರುವುದರಿಂದ, ಸ್ಪೀಕರ್ ಅದುರಿದಾಗಲೆಲ್ಲ ಉಳಿದವೂ ಅದುರುತ್ತವೆ. ಸದ್ದು ಕೇಳಿದ ಕೂಡಲೇ ಕಂಡ ಸ್ಕ್ರೂಗಳನ್ನೆಲ್ಲ ಬಿಗಿ ಮಾಡಿಬಿಟ್ಟರೆ, ಸದ್ದು ನಿಂತರೂ ಕಾರಣ ಯಾವುದೆಂಬುದು ತಿಳಿಯದೆ ಉಳಿಯುತ್ತದೆ.

ಮೊದಲು ಗಿಟಾರನ್ನು ಕಳಚಿ, ವಾಲ್ಯೂಮ್ ಸೊನ್ನೆಗೆ ಇಳಿಸಿ. ಆಗಲೂ ಒಂದೇ ಸಮನೆ ಗುಂಯ್‌ಗುಡುತ್ತಿದ್ದರೆ ಅದು 50 ಅಥವಾ 100 ಹರ್ಟ್ಸ್‌ನ ವಿದ್ಯುತ್ ಗುನುಗು. ಅದಕ್ಕೆ ಬೇರೆಯೇ ಚಿಕಿತ್ಸೆ ಬೇಕು. ನುಡಿಸಿದಾಗ ಮಾತ್ರ, ಅದೂ ಯಾವುದೋ ಒಂದೆರಡು ಸ್ವರಗಳಲ್ಲಿ ಮಾತ್ರ ಗಡಗಡಿಸಿದರೆ, ಯಾವುದೋ ಭಾಗ ಸಡಿಲವಾಗಿದೆಯೆಂದು ಬಹುಮಟ್ಟಿಗೆ ನಂಬಬಹುದು. ಫೋನಿನ ಟೋನ್ ಜನರೇಟರ್ ಆ್ಯಪನ್ನು ಆಂಪ್ಲಿಫೈಯರ್‌ಗೆ ಜೋಡಿಸಿ, ಗಿಟಾರಿನ ಅತಿ ಮಂದ್ರ ತಂತಿಯ 82 ಹರ್ಟ್ಸ್‌ನಿಂದ ಆರಂಭಿಸಿ 400ರವರೆಗೆ ನಿಧಾನವಾಗಿ ಏರಿಸುತ್ತ ಹೋಗಿ, ಸದ್ದು ಎದ್ದಲ್ಲಿ ನಿಲ್ಲಿಸಿ. ಇನ್ನು ಎರಡೂ ಕೈ ಖಾಲಿ. ಹಿಂದಿನ ಹಲಗೆ, ಹಿಡಿಕೆ, ಲೋಗೋ ಪಟ್ಟಿ, ಮುಂದಿನ ಬಟ್ಟೆಯ ಚೌಕಟ್ಟು ಇವನ್ನು ಒಂದೊಂದಾಗಿ ಒತ್ತಿ ಹಿಡಿಯಿರಿ. ಒತ್ತಿದಾಗ ಸದ್ದು ಅಡಗಿದ ಜಾಗವೇ ನಿಮಗೆ ಬೇಕಾದದ್ದು. ಕೋಣೆಯ ವಸ್ತುಗಳನ್ನೂ ಮರೆಯಬಾರದು: ಒಮ್ಮೆ ನಾನು ಹಿಂದಿನ ಹಲಗೆಯನ್ನೇ ಬಿಚ್ಚಿ ಕುಳಿತ ಮೇಲೆ, ಗಡಗಡಿಸುತ್ತಿದ್ದದ್ದು ಬೀರುವಿನ ಮೇಲೆ ಒಂದರೊಳಗೊಂದು ಇಟ್ಟಿದ್ದ ಎರಡು ಸ್ಟೀಲ್ ಲೋಟಗಳೆಂದು ತಿಳಿಯಿತು.

ಪೆಟ್ಟಿಗೆಯಲ್ಲಿ ದೋಷ ಸಿಗದಿದ್ದರೆ ಸ್ಪೀಕರನ್ನು ನೋಡಬೇಕು. ಆಂಪ್ಲಿಫೈಯರ್ ಆರಿಸಿ, ಕೋನಿನ (ಸ್ಪೀಕರಿನ ಅದುರುವ ಶಂಕುವಿನಾಕಾರದ ಭಾಗದ) ಎರಡೂ ಬದಿಗೆ ಬೆರಳಿಟ್ಟು ಸಮನಾಗಿ, ಮೆಲ್ಲಗೆ ಒಳಗೆ ತಳ್ಳಿ. ಕರಕರ ಸವರಿದಂತೆ ಕೇಳಿಸಿದರೆ ಕೋನನ್ನು ಅಲುಗಿಸುವ ಕಾಯಿಲ್ (ತಂತಿಯ ಸುರುಳಿ) ಉಜ್ಜುತ್ತಿದೆ. ನಡುವಿನ ಡಸ್ಟ್ ಕ್ಯಾಪಿನ ಅಂಚು ಅಂಟು ಬಿಟ್ಟಿದೆಯೇ, ಸ್ಪೀಕರಿನ ಹೆಣೆದ ತಂತಿ ಕೋನಿಗೆ ತಾಗುತ್ತಿದೆಯೇ ಎಂಬುದನ್ನೂ ಪರೀಕ್ಷಿಸಿ. ಬೋಲ್ಟ್‌ಗಳನ್ನು ಎದುರುಬದುರಾಗಿ, ಹದವಾಗಿ ಬಿಗಿಯಬೇಕು. ಅತಿಯಾದರೆ ಸ್ಪೀಕರಿನ ಚೌಕಟ್ಟೇ ತಿರುಚಿ, ಇಲ್ಲದಿದ್ದ ಉಜ್ಜಾಟ ಶುರುವಾಗಬಹುದು.

ಬೇರೊಂದು ಸ್ಪೀಕರ್ ಪೆಟ್ಟಿಗೆಗೆ ಜೋಡಿಸಿದರೂ ಅದೇ ಸದ್ದು ಆ ಪೆಟ್ಟಿಗೆಯಿಂದಲೇ ಬಂದರೆ ದೋಷ ಸರ್ಕ್ಯೂಟ್‌ನಲ್ಲಿದೆ. ಇದನ್ನು ಮಾಡುವಾಗ ಆ ಸ್ಪೀಕರಿನ ಓಮ್‌ಗಳು (ವಿದ್ಯುತ್ತಿಗೆ ಒಡ್ಡುವ ತಡೆಯ ಅಳತೆ) ಆಂಪ್ಲಿಫೈಯರ್‌ಗೆ ಹೊಂದಬೇಕು. ವಾಲ್ವ್ ಆಂಪ್ಲಿಫೈಯರನ್ನು ಸ್ಪೀಕರ್ ಇಲ್ಲದೆ ಚಾಲೂ ಮಾಡಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟೀತು. ವಾಲ್ವ್‌ಗಳನ್ನು ಮರದ ಪೆನ್ಸಿಲ್‌ನಿಂದ ಹಗುರವಾಗಿ ತಟ್ಟಿದಾಗ ಸ್ಪೀಕರಿನಲ್ಲಿ ಟಿಂಗೆಂದು ಜೋರಾಗಿ ಮೊಳಗುವ ವಾಲ್ವನ್ನು ಬದಲಿಸಿ. ಷಾಸಿಯ (ಸರ್ಕ್ಯೂಟ್ ಇರುವ ಲೋಹದ ಡಬ್ಬಿಯ) ಒಳಗೆ ಮಾತ್ರ ಕೈ ಹಾಕಬೇಡಿ: ಅಲ್ಲಿ 300 ವೋಲ್ಟ್‌ಗೂ ಮೀರಿದ ಒತ್ತಡವಿರಬಹುದು, ಪ್ಲಗ್ ಕಿತ್ತ ಮೇಲೂ ಅದು ಕೆಪಾಸಿಟರ್‌ಗಳಲ್ಲಿ ಉಳಿದಿರುತ್ತದೆ.