ಕೀಮೋ ಆದವರಿಗೆ ಜ್ವರ ಬಂದರೆ ಬೆಳಗಾಗಲಿ ಅಂತ ಕಾಯಬೇಡಿ

ಕ್ಯಾನ್ಸರಿಗೆ ಕೀಮೋ ಮುಗಿಸಿ ಮನೆಗೆ ಬಂದವರನ್ನು ನೆಂಟರೆಲ್ಲ ಕೇಳುವುದು ಕೂದಲು ಉದುರ್ತಾ, ಊಟ ಸೇರ್ತಾ ಅಂತ. ಮನೆಯವರು ಕಣ್ಣಿಡಬೇಕಾದದ್ದು ಕೌಂಟ್ ಮೇಲೆ, ಅಂದರೆ ರಕ್ತಕಣಗಳ ಸಂಖ್ಯೆಯ ಮೇಲೆ. ಸೋಂಕು ಬಂದಾಗ ಮೊದಲು ಎದುರು ನಿಲ್ಲುವ ಬಿಳಿ ರಕ್ತಕಣ ನ್ಯೂಟ್ರೊಫಿಲ್. ಸಾಮಾನ್ಯವಾಗಿ ಕೀಮೋ ಆದ 7ರಿಂದ 14 ದಿನದ ಹೊತ್ತಿಗೆ ಅದು ತೀರಾ ಇಳಿಯುತ್ತದೆ. ಒಂದು ಮೈಕ್ರೋಲೀಟರ್ ರಕ್ತದಲ್ಲಿ 500ಕ್ಕಿಂತ ಕೆಳಗೆ ಬಂದರೆ ಅಪಾಯ ಜಾಸ್ತಿ. ಹಾಗಾಗಿ ಮೊದಲ ಕೆಲಸ, ನಿಮ್ಮ ಕೀಮೋಗೆ ಯಾವ ದಿನಗಳು ಕಷ್ಟದವು ಅಂತ ಡಾಕ್ಟರನ್ನು ಕೇಳಿ ಗೋಡೆಯ ಕ್ಯಾಲೆಂಡರ್ ಮೇಲೆ ಗುರುತು ಹಾಕಿ.

ಆ ದಿನಗಳಲ್ಲಿ ಕೈ ತೊಳೆಯುವುದೇ ದೊಡ್ಡ ಮದ್ದು. ರೋಗಿಯೂ ತೊಳೆಯಬೇಕು, ಅಡುಗೆ ಮಾಡುವವರೂ, ಆಗ ತಾನೇ ಹೊರಗಿಂದ ಬಂದವರೂ. ಸೋಪು ಹಚ್ಚಿ 20 ಸೆಕೆಂಡ್ ಉಜ್ಜಿ. ನೆಗಡಿ, ಕೆಮ್ಮು ಇರುವ ನೆಂಟರಿಗೆ 'ಈಗ ಬೇಡ, ಆಮೇಲೆ ಬನ್ನಿ' ಅನ್ನಲು ಸಂಕೋಚ ಬೇಡ. ಹಟ್ಟಿ ಗುಡಿಸುವುದು, ಗೊಬ್ಬರ ಮುಟ್ಟುವುದು, ಮನೆ ಒಡೆದು ಕಟ್ಟುವ ಕಡೆ ನಿಲ್ಲುವುದು ಬೇಡ. ಅಲ್ಲಿನ ಧೂಳಿನಲ್ಲಿರುವ ಬೂಷ್ಟು ಶ್ವಾಸಕೋಶಕ್ಕೆ ಇಳಿಯಬಹುದು.

ಊಟದ ವಿಷಯದಲ್ಲಿ ಕೆಲವರು ಹಣ್ಣು ತಿನ್ನುವುದನ್ನೇ ನಿಲ್ಲಿಸಿ ರೋಗಿಯನ್ನು ಇನ್ನಷ್ಟು ಸೊರಗಿಸುತ್ತಾರೆ, ಅದನ್ನು ನೋಡಿದರೆ ಸಂಕಟವಾಗುತ್ತದೆ. ಅಷ್ಟು ಕಟ್ಟುನಿಟ್ಟಿನ ಪಥ್ಯದಿಂದ ಸೋಂಕು ಕಡಿಮೆಯಾಗುತ್ತದೆ ಅನ್ನುವುದಕ್ಕೆ ಒಳ್ಳೆಯ ಪುರಾವೆ ಇಲ್ಲ. ಬಿಸಿ ಅನ್ನ ಸಾರು, ಚೆನ್ನಾಗಿ ಬೆಂದ ಮೊಟ್ಟೆ, ತೊಳೆದು ಸಿಪ್ಪೆ ತೆಗೆದ ಬಾಳೆಹಣ್ಣು, ಕಿತ್ತಳೆ ಕೊಡಿ. ಬೀದಿಯ ಪಾನಿಪುರಿ, ಹೊರಗೆ ಹೆಚ್ಚಿಟ್ಟ ಹಣ್ಣು, ಕಾಯಿಸದ ಹಾಲು ಬೇಡ. ಕೋಸಂಬರಿ, ಮೊಸರಿನ ಬಗ್ಗೆ ನಿಮ್ಮ ಡಾಕ್ಟರ್ ಹೇಳಿದ ಹಾಗೆ ಮಾಡಿ.

ಬಾಯಿಯನ್ನು ಮರೆಯಬೇಡಿ. ಮೆತ್ತನೆಯ ಬ್ರಷ್ ಇರಲಿ, ಉಗುರುಬೆಚ್ಚಗಿನ ನೀರಿಗೆ ಉಪ್ಪು, ಅಡುಗೆ ಸೋಡಾ ಹಾಕಿ ದಿನಕ್ಕೆ ನಾಲ್ಕೈದು ಸಲ ಮುಕ್ಕಳಿಸಿ. ತೋಳಿನಲ್ಲಿ ಪಿಕ್ ಲೈನ್ (ಔಷಧಿ ಕೊಡಲು ನರಕ್ಕೆ ಹಾಕಿಟ್ಟ ತೆಳು ನಳಿಕೆ) ಇದ್ದರೆ ಅದರ ಸುತ್ತ ಕೆಂಪಾಗಿದೆಯಾ, ನೋಯುತ್ತಾ ಅಂತ ದಿನಾ ನೋಡಿ.

ಇಷ್ಟೆಲ್ಲ ಮಾಡಿದರೂ ಸೋಂಕು ಬರಬಹುದು, ಯಾಕೆಂದರೆ ನಮ್ಮ ಹೊಟ್ಟೆಯಲ್ಲೇ ಇರುವ ಬ್ಯಾಕ್ಟೀರಿಯಾ ಕೂಡ ರಕ್ತಕ್ಕೆ ನುಗ್ಗಬಲ್ಲವು. ಕೀವು ಆಗುವುದಕ್ಕೂ ನ್ಯೂಟ್ರೊಫಿಲ್ ಬೇಕಲ್ವಾ? ಅದೇ ಇಲ್ಲದಾಗ ಕೀವು, ಊತ ಏನೂ ಕಾಣದೆ ಬರೀ ಜ್ವರವೊಂದೇ ಸುಳಿವು ಆಗಿರಬಹುದು. ಅದಕ್ಕೇ ಮನೆಯಲ್ಲಿ ಒಂದು ಡಿಜಿಟಲ್ ಥರ್ಮಾಮೀಟರ್ ಇರಲೇಬೇಕು, ಹಣೆ ಮುಟ್ಟಿ ನೋಡಿದರೆ ಸಾಲದು. 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತೇ, ಆಸ್ಪತ್ರೆಗೆ ಫೋನ್ ಮಾಡಿ ಹೊರಡಿ, ರಾತ್ರಿ ಎರಡು ಗಂಟೆಯಾದರೂ ಸರಿ. ಜ್ವರ ಇಲ್ಲದೆ ಚಳಿ ನಡುಕ ಬಂದರೂ, ಮಂಪರು ಹಿಡಿದರೂ ಅಷ್ಟೇ.

'ಒಂದು ಡೋಲೋ ನುಂಗಿ ಮಲಗಲಿ, ಬೆಳಿಗ್ಗೆ ನೋಡೋಣ' ಅನ್ನುವ ಮಾತು ಎಲ್ಲ ಮನೆಯಲ್ಲೂ ಬರುತ್ತದೆ. ದಯವಿಟ್ಟು ಡಾಕ್ಟರನ್ನು ಕೇಳದೆ ಕೊಡಬೇಡಿ. ಮಾತ್ರೆ ಜ್ವರವನ್ನು ಮುಚ್ಚಿಡುತ್ತದೆ, ಸೋಂಕು ಒಳಗೆ ಬೆಳೆಯುತ್ತಲೇ ಇರುತ್ತದೆ.

ಎಮರ್ಜೆನ್ಸಿಯಲ್ಲಿ ಮೊದಲ ಮಾತೇ 'ಕೀಮೋ ಆಗಿದೆ, ಜ್ವರ ಬಂದಿದೆ' ಅಂತಿರಲಿ. ಕೊನೆಯ ಕೀಮೋ ತಾರೀಕು, ಫೈಲು, ಅಲರ್ಜಿ ಇರುವ ಮಾತ್ರೆಯ ಹೆಸರು ಕೈಯಲ್ಲಿರಲಿ. ಅವರು ಕಲ್ಚರ್‌ಗೆ (ರಕ್ತದಲ್ಲಿ ಯಾವ ರೋಗಾಣು ಇದೆ ಅಂತ ಬೆಳೆಸಿ ನೋಡುವ ಪರೀಕ್ಷೆಗೆ) ರಕ್ತ ತೆಗೆದು, ರಿಪೋರ್ಟಿಗೆ ಕಾಯದೆ ಒಂದು ಗಂಟೆಯೊಳಗೆ ನರಕ್ಕೆ ಆಂಟಿಬಯಾಟಿಕ್ ಶುರು ಮಾಡಬೇಕು. ಸಾಲಿನಲ್ಲಿ ಕೂರಿಸಿದರೆ ಸುಮ್ನೆ ಕೂರಬೇಡಿ, ಮತ್ತೆ ಎದ್ದು ಹೋಗಿ ಹೇಳಿ.