ಬಸ್ಸಿಗೂ ವೇದಿಕೆಗೂ ಒಂದೇ ಕೀಬೋರ್ಡ್: ನಾನು ಆರಿಸಿಕೊಂಡ ಬಗೆ

ನಾನು ಮಲೆನಾಡಿನ ಕಡೆಯ ಒಂದು ಸಣ್ಣ ವಾದ್ಯಗೋಷ್ಠಿಯಲ್ಲಿ ಕೀಬೋರ್ಡ್ ನುಡಿಸುತ್ತೇನೆ. ಗಣೇಶನ ಹಬ್ಬಕ್ಕೆ ನಮ್ಮ ಓಡಾಟ ಶುರು. ನವೆಂಬರ್ ಪೂರ್ತಿ ರಾಜ್ಯೋತ್ಸವ, ಆಮೇಲೆ ಜಾತ್ರೆ, ಆರತಕ್ಷತೆ. ವೇದಿಕೆ ಮೇಲೆ ಕೀಬೋರ್ಡ್‌ಗೆ ಇರುವುದು ಒಬ್ಬನೇ. ಹಾಡು ಎತ್ತುವಾಗ ಸ್ಟ್ರಿಂಗ್ಸ್ (ವಯಲಿನ್ ಗುಂಪಿನ ಧ್ವನಿ), ಮೊದಲ ಬಿಟ್‌ಗೆ (ಹಾಡಿನ ನಡುವೆ ಬರುವ ವಾದ್ಯದ ತುಣುಕಿಗೆ) ಕೊಳಲು, ಎರಡನೇ ಬಿಟ್‌ಗೆ ವೀಣೆ, ಹಾಡುವವರ ಹಿಂದೆ ಕಾರ್ಡ್ಸ್, ಅಂದರೆ ಒಟ್ಟಿಗೆ ಒತ್ತುವ ಸ್ವರಗಳು. ಎಲ್ಲವೂ ನನ್ನ ಎರಡು ಕೈಯಲ್ಲೇ ಆಗಬೇಕು.

ಕೀಬೋರ್ಡ್ ಕೊಳ್ಳಲು ಹೊರಟವರು ಮೊದಲು ಕೇಳುವುದು "ಎಷ್ಟು ಟೋನ್ ಇದೆ?" ಅಂತ. ಟೋನ್ ಅಂದರೆ ಒಂದೊಂದು ವಾದ್ಯದ ಧ್ವನಿ. ಸಾವಿರ ಟೋನ್ ಇದ್ದರೂ ಒಂದು ರಾತ್ರಿಗೆ ನಾನು ಬಳಸುವುದು ಇಪ್ಪತ್ತೋ ಮೂವತ್ತೋ. ನಾನು ಕೇಳುವುದು ಬೇರೆ. ಬಲಗೈ ನುಡಿಸುತ್ತಿರುವಾಗ ಎಡಗೈಯಿಂದ ಮುಂದಿನ ಟೋನ್‌ಗೆ ಹೋಗಲು ಎಷ್ಟು ಬಟನ್ ಒತ್ತಬೇಕು? ಕೊಳಲು ಮುಗಿದು ವೀಣೆ ಶುರುವಾಗುವ ನಡುವೆ ಸಿಗುವುದು ಒಂದು ಆವರ್ತ, ಕೆಲವೊಮ್ಮೆ ಅದರ ಅರ್ಧ. ಅಷ್ಟರಲ್ಲಿ ಆಗದ್ದು ನನಗೆ ಪ್ರಯೋಜನಕ್ಕಿಲ್ಲ.

ನಾನು ಕಲಿತದ್ದು ರೋಲ್ಯಾಂಡ್ ಎಕ್ಸ್‌ಪಿ-60 ಮೇಲೆ. 1998ರ ಯಂತ್ರ ಅದು. ದಕ್ಷಿಣದ ಆರ್ಕೆಸ್ಟ್ರಾಗಳಲ್ಲಿ ಅದನ್ನು ನೋಡದವರು ಕಡಿಮೆ. ಅದರ ಸ್ಟ್ರಿಂಗ್ಸ್ ಈಗಲೂ ನನಗೆ ತುಂಬ ಇಷ್ಟ. ಪ್ಯಾನೆಲ್ ತುಂಬ ಬಟನ್, ದೊಡ್ಡ ಪರದೆ, ಬೇಕಾದ್ದು ಕಣ್ಣೆದುರಿಗೇ ಇರುತ್ತದೆ. ಆದರೆ ಗಟ್ಟಿ ಪೆಟ್ಟಿಗೆಯಲ್ಲಿಟ್ಟರೆ ಎತ್ತಲು ಇಬ್ಬರು ಬೇಕು. ಹೊಸ ಹಾಡಿನ ಸೆಟ್ಟಿಂಗ್ ಉಳಿಸಲು ಫ್ಲಾಪಿ ಹುಡುಕಬೇಕು. ಕೆಟ್ಟರೆ ಬಿಡಿಭಾಗಕ್ಕೆ ಅಲೆಯಬೇಕು. ನಮ್ಮ ರಿಹರ್ಸಲ್ ನಡೆಯುವುದು ಎರಡನೇ ಮಹಡಿಯ ಕೋಣೆಯಲ್ಲಿ, ಊರಿಂದೂರಿಗೆ ಹೋಗುವುದು ಹೆಚ್ಚಾಗಿ ಸರ್ಕಾರಿ ಬಸ್ಸಿನಲ್ಲಿ. ಹೆಗಲಿಗೆ ಹಾಕಿಕೊಂಡು ಒಬ್ಬನೇ ಹತ್ತಿಳಿಯುವಂಥದ್ದು ಬೇಕೇ ಬೇಕಾಯಿತು.

ಕೊನೆಗೆ ಮೂರು ಕೀಬೋರ್ಡ್ ಲೆಕ್ಕಕ್ಕೆ ಉಳಿದವು. ಮೂರೂ 61 ಕೀ. ಕಾರ್ಗ್ ಕ್ರಾಸ್ 2, ತೂಕ 3.8 ಕೆಜಿ. ಯಮಹಾ ಎಂಎಕ್ಸ್61, ತೂಕ 4.8 ಕೆಜಿ. ರೋಲ್ಯಾಂಡ್ ಜುನೋ ಡಿಎಸ್61, ತೂಕ 5.3 ಕೆಜಿ. ಇನ್ನೊಂದು ಹೆಸರು ಯಮಹಾ ಮೋಡಿಎಕ್ಸ್6. ಧ್ವನಿಯಲ್ಲಿ ಅದು ಇವೆಲ್ಲಕ್ಕಿಂತ ಮೇಲು, 6.6 ಕೆಜಿ ಕೂಡ ಹೊರಲಾಗದ ಭಾರವಲ್ಲ. ಆದರೆ ಅದರ ಬೆಲೆ ನನ್ನ ಕೈ ಮೀರಿತ್ತು.

ಬೆಂಗಳೂರಿನ ಅಂಗಡಿಗೆ ಹೋಗುವಾಗ ನನ್ನದೇ ಹೆಡ್‌ಫೋನ್, ನನ್ನದೇ ಪೆಡಲ್ ಒಯ್ದೆ. ಅಂಗಡಿಯವರು ಹಾಕುವ ಡೆಮೋ ಕೇಳಿದರೆ ಎಲ್ಲ ಕೀಬೋರ್ಡೂ ಚೆನ್ನಾಗಿಯೇ ಇರುತ್ತವೆ. ಡೆಮೋ ಬೇಡ ಅಂದು, ಮೂರರ ಮೇಲೂ ಒಂದೇ ಕೆಲಸ ಮಾಡಿ ನೋಡಿದೆ. ಎಡಕ್ಕೆ ಸ್ಟ್ರಿಂಗ್ಸ್, ಬಲಕ್ಕೆ ಕೊಳಲು ಇಟ್ಟು ಸ್ಪ್ಲಿಟ್ ಮಾಡುವುದು. ಅದಕ್ಕೊಂದು ಹೆಸರು ಕೊಟ್ಟು ಉಳಿಸುವುದು. ಆಫ್ ಮಾಡಿ ಆನ್ ಮಾಡಿ ಮತ್ತೆ ಅದನ್ನೇ ತೆರೆಯುವುದು. ಮ್ಯಾನ್ಯುಯಲ್ ಮುಟ್ಟಬಾರದು, ಅಂಗಡಿಯ ಹುಡುಗನನ್ನು ಕೇಳಬಾರದು. ಆಮೇಲೆ ಬಲಗೈಯಲ್ಲಿ ಒಂದು ಸ್ವರ ಒತ್ತಿ ಹಿಡಿದು, ಎಡಗೈಯಲ್ಲಿ ಟೋನ್ ಬದಲಿಸಿದರೆ ಆ ಸ್ವರ ಏನಾಗುತ್ತದೆ ಅಂತ ಕೇಳಿಸಿಕೊಳ್ಳುವುದು. ಹಿಡಿದ ಸ್ವರ ಪಟ್ಟನೆ ಕಡಿದುಹೋದರೆ ಆ ಜಾಗ ಹಾಡಿನಲ್ಲಿ ಖಾಲಿ ಹೊಡೆಯುತ್ತದೆ.

ಎಂಎಕ್ಸ್61ರ ಪಿಯಾನೋ ನನ್ನನ್ನು ಅಲ್ಲೇ ನಿಲ್ಲಿಸಿತು. ಅದರೊಳಗಿನ ಧ್ವನಿಗಳು ಯಮಹಾದ ದೊಡ್ಡ ಮೋಟಿಫ್ ಎಕ್ಸ್‌ಎಸ್‌ನಿಂದ ಬಂದವು, ಏಕಕಾಲಕ್ಕೆ 128 ಸ್ವರ ನುಡಿಯುತ್ತದೆ. ಲೇಯರ್ (ಎರಡು ಟೋನ್ ಒಟ್ಟಿಗೆ ನುಡಿಸುವುದು), ಸ್ಪ್ಲಿಟ್‌ಗೆ ಬೇರೆ ಬೇರೆ ಬಟನ್ ಇವೆ, ಅದೂ ಸುಲಭ. ಆದರೆ ಒಳಗಿನ ಸೆಟ್ಟಿಂಗ್ ತಿದ್ದಬೇಕಾದರೆ ಸಣ್ಣ ಪರದೆಯಲ್ಲಿ ಪುಟದ ಮೇಲೆ ಪುಟ ತಿರುಗಿಸಬೇಕು. ಮನೆಯಲ್ಲಿ ಕಂಪ್ಯೂಟರಿಗೆ ಜೋಡಿಸಿ ಕೆಲಸ ಮಾಡುವವರಿಗೆ ಅದೇ ಒಳ್ಳೆಯದು. ನಾನು ರಿಹರ್ಸಲ್‌ನಲ್ಲಿ ನಿಂತಲ್ಲೇ ತಿದ್ದುವವನು. ಜೊತೆಗೆ ಅದು ಬ್ಯಾಟರಿಯಲ್ಲಿ ನಡೆಯುವುದಿಲ್ಲ.

ಕ್ರಾಸ್ 2 ಅಂತೂ ಎಷ್ಟು ಹಗುರ ಅಂದರೆ ಎತ್ತಿದ ಕೂಡಲೇ ಇದೇ ಇರಲಿ ಅನ್ನಿಸಿತು. ಆರು ಎಎ ಬ್ಯಾಟರಿಯಲ್ಲಿ ನಡೆಯುತ್ತದೆ, ಮೇಲೆ ಬೆರಳಿಂದ ಬಡಿದು ಸದ್ದು ಹೊರಡಿಸುವ 16 ಪ್ಯಾಡ್‌ಗಳಿವೆ. ಕೀಗಳು ಮಾತ್ರ ನನ್ನ ಬೆರಳಿಗೆ ಒಗ್ಗಲಿಲ್ಲ. ಮೆಲ್ಲಗೆ ಒತ್ತಿದ್ದಕ್ಕೂ ಜೋರಾಗಿ ಒತ್ತಿದ್ದಕ್ಕೂ ನನಗೆ ಬೇಕಾದ ವ್ಯತ್ಯಾಸ ಸಿಗಲಿಲ್ಲ. ಇದು ಕೈಯಿಂದ ಕೈಗೆ ಬೇರೆ. ಕಡಿಮೆ ತೂಕವೇ ಮುಖ್ಯ ಅನ್ನುವವರು ಕ್ರಾಸನ್ನು ಕೈಬಿಡಬೇಡಿ, ಹೋಗಿ ನುಡಿಸಿ ನೋಡಿ.

ಡಿಎಸ್61ರಲ್ಲಿ ಸ್ಪ್ಲಿಟ್, ಡ್ಯುಯಲ್ (ಇದೂ ಲೇಯರ್ರೇ), ಟ್ರಾನ್ಸ್‌ಪೋಸ್ (ಶ್ರುತಿ ಏರಿಳಿಸುವುದು), ಆಕ್ಟೇವ್ (ಸ್ಥಾಯಿ) ಎಲ್ಲವೂ ಪ್ಯಾನೆಲ್ ಮೇಲೇ ಇವೆ. ಫೇವರಿಟ್ (ಮೊದಲೇ ಉಳಿಸಿಟ್ಟ ಟೋನ್ ಕರೆಯುವ ಬಟನ್) ಒತ್ತಿ ಒಂದು ಅಂಕಿ ಒತ್ತಿದರೆ ನನ್ನ ಟೋನ್ ಬಂತು. ಎಂಟು ಎಎ ರೀಚಾರ್ಜ್ ಬ್ಯಾಟರಿ ಹಾಕಬಹುದು. ನಮ್ಮ ಕಡೆ ಇದು ಸಣ್ಣ ವಿಷಯವಲ್ಲ. ಪೆಂಡಾಲ್‌ನಲ್ಲಿ ಜನರೇಟರ್‌ಗೆ ಬದಲಾಯಿಸುವ ಆ ಎರಡು ಸೆಕೆಂಡಿನಲ್ಲಿ ಕೀಬೋರ್ಡ್ ಆಫ್ ಆದರೆ ಅದು ಮತ್ತೆ ಎದ್ದು ಕೂರುವವರೆಗೆ ಹಾಡುವವರು ಸುಮ್ನೆ ನಿಲ್ಲಬೇಕು. ಈಗ ಅಡಾಪ್ಟರ್ ಬದಿಗಿಟ್ಟು ಬ್ಯಾಟರಿಯಲ್ಲೇ ನುಡಿಸುತ್ತೇನೆ. ಕೆಟ್ಟ ವೈರಿಂಗ್ ಇದ್ದ ಕಡೆ ಬರುತ್ತಿದ್ದ ಗುಂಯ್ ಸದ್ದೂ ಎಷ್ಟೋ ಕಡಿಮೆಯಾಯಿತು. ಮೂರರಲ್ಲಿ ಇದೇ ಭಾರ, ಆದರೂ ಇದನ್ನೇ ತಗೊಂಡೆ.

ಇನ್ನು ಪ್ರೋಗ್ರಾಮಿಂಗ್ ವಿಷಯ. ಇಲ್ಲೇ ಜಾಸ್ತಿ ಹೊತ್ತು ಕೊಡಬೇಕು ಅಂತ ನನ್ನ ಅಭಿಪ್ರಾಯ.

ಹಾಡಿನ ನಡುವೆ ಟೋನ್ ಬದಲಿಸುವುದನ್ನೇ ಆದಷ್ಟು ತಪ್ಪಿಸುತ್ತೇನೆ. ಒಂದು ಹಾಡಿಗೆ ಬೇಕಾದ ಎರಡು ಟೋನ್‌ಗಳನ್ನು ಒಂದೇ ಸೆಟ್ಟಿಂಗ್‌ನಲ್ಲಿ ಅಕ್ಕಪಕ್ಕ ಕೂರಿಸುತ್ತೇನೆ. 61 ಕೀ ಅಂದರೆ ಐದು ಸ್ಥಾಯಿ. ಅರ್ಧ ಮಾಡಿದರೆ ಎಡಗಡೆಯ ಸ್ಟ್ರಿಂಗ್ಸ್ ತೀರಾ ಕೆಳಗೆ ಹೋಗಿ ಬೇಸ್ ಗಿಟಾರಿನ ಜಾಗಕ್ಕೆ ನುಗ್ಗುತ್ತದೆ. ಅದಕ್ಕೇ ಎಡಭಾಗವನ್ನು ಒಂದು ಸ್ಥಾಯಿ ಮೇಲೆತ್ತಿ ಉಳಿಸುತ್ತೇನೆ. ಬಲಭಾಗದ ಕೊಳಲನ್ನು ಎಷ್ಟೋ ಹಾಡುಗಳಲ್ಲಿ ಒಂದು ಸ್ಥಾಯಿ ಇಳಿಸಬೇಕಾಗುತ್ತದೆ, ಇಲ್ಲದಿದ್ದರೆ ಕೀಚಲು. ಪ್ರತಿ ಸೆಟ್ಟಿಂಗ್‌ನಲ್ಲೂ ಎರಡು ಭಾಗದ ಮಟ್ಟ ಸರಿದೂಗಿಸಿ ಉಳಿಸಿಬಿಡಿ. ವೇದಿಕೆ ಮೇಲೆ ಅದನ್ನು ಮಾಡಲು ಕೈ ಬಿಡುವಿರುವುದಿಲ್ಲ.

ವೀಣೆಯ ಕೆಲಸ ಎಲ್ಲಕ್ಕಿಂತ ನಾಜೂಕು. ಟೋನ್ ಎಷ್ಟೇ ಚೆನ್ನಾಗಿರಲಿ, ಗಮಕ ಬರದಿದ್ದರೆ ಅದು ವೀಣೆ ಅನ್ನಿಸುವುದಿಲ್ಲ. ಮೊದಲು ಮೋನೋ ಮಾಡುತ್ತೇನೆ, ಅಂದರೆ ಒಂದು ಸಲಕ್ಕೆ ಒಂದೇ ಸ್ವರ. ಲೆಗಾಟೋ (ಸ್ವರ ಕಡಿಯದೆ ಮುಂದಿನದಕ್ಕೆ ಸೇರುವುದು) ಹಾಕಿ ಸ್ವಲ್ಪವೇ ಪೋರ್ಟಮೆಂಟೋ (ಸ್ವರದಿಂದ ಸ್ವರಕ್ಕೆ ಜಾರುವುದು) ಕೊಡುತ್ತೇನೆ. ಆಮೇಲೆ ಬೆಂಡ್ ರೇಂಜ್, ಅಂದರೆ ಕೀಗಳ ಎಡಕ್ಕಿರುವ ಲಿವರ್ ಪೂರ್ತಿ ತಳ್ಳಿದರೆ ಸ್ವರ ಎಷ್ಟು ದೂರ ಜಾರುತ್ತದೆ ಅನ್ನುವುದು. ಸಾಮಾನ್ಯವಾಗಿ ಕಂಪನಿಯಿಂದ ಬರುವಾಗ ಇದು ಎರಡು ಸೆಮಿಟೋನ್ ಇರುತ್ತದೆ (ಕಪ್ಪು ಕೀ ಸೇರಿಸಿ ಪಕ್ಕಪಕ್ಕದ ಎರಡು ಕೀಗಳ ಅಂತರ ಒಂದು ಸೆಮಿಟೋನ್). ಮೋಹನ ರಾಗ ನುಡಿಸಿ ನೋಡಿ. ಗಾಂಧಾರದಿಂದ ಪಂಚಮಕ್ಕೆ ಮೂರು ಸೆಮಿಟೋನ್ ಅಂತರ. ಲಿವರ್ ಪೂರ್ತಿ ತಳ್ಳಿದರೂ ಜಾರು ಪಂಚಮ ಮುಟ್ಟುವುದಿಲ್ಲ. ಹಿಂದೋಳದಲ್ಲೂ ಅದೇ ಕಥೆ, ಷಡ್ಜದಿಂದ ಗಾಂಧಾರಕ್ಕೂ ಮಧ್ಯಮದಿಂದ ಧೈವತಕ್ಕೂ ಮೂರು. ಹಾಗಾಗಿ ಒಂದೇ ವೀಣೆಯನ್ನು ಎರಡು ಸಲ ಉಳಿಸಿದ್ದೇನೆ, ಒಂದಕ್ಕೆ ಬೆಂಡ್ ಎರಡು, ಇನ್ನೊಂದಕ್ಕೆ ಮೂರು. ರಾಗ ನೋಡಿ ಆರಿಸಿಕೊಳ್ಳುತ್ತೇನೆ. ಮೂರರದ್ದನ್ನು ಎಲ್ಲ ಕಡೆ ಬಳಸಲು ಹೋದರೆ ಎರಡರ ಅಂತರಕ್ಕೆ ಲಿವರ್ ಎಲ್ಲಿ ನಿಲ್ಲಿಸಬೇಕು ಅಂತ ಬೆರಳಿಗೆ ಖಾತ್ರಿ ಇರುವುದಿಲ್ಲ, ಶ್ರುತಿ ತಪ್ಪುತ್ತದೆ. ರೋಲ್ಯಾಂಡ್‌ನಲ್ಲಿ ಲಿವರ್ ಅಡ್ಡಕ್ಕೆ ಹೋಗುತ್ತದೆ, ಯಮಹಾದಲ್ಲಿ ಚಕ್ರ ಮೇಲೆ ಕೆಳಗೆ. ನನ್ನ ಹೆಬ್ಬೆರಳು ಎಕ್ಸ್‌ಪಿ-60ರಿಂದಲೇ ಅಡ್ಡ ಲಿವರ್‌ಗೆ ಪಳಗಿದೆ, ಅದೂ ಒಂದು ಕಾರಣ. ಕೊಳಲಿಗೂ ಇದೇ ಕ್ರಮ, ಪೋರ್ಟಮೆಂಟೋ ಇನ್ನೂ ಕಡಿಮೆ. ಹಳೇ ಎಕ್ಸ್‌ಪಿ-60ರಲ್ಲಿ ಆಫ್ಟರ್‌ಟಚ್ ಇತ್ತು, ಕೀಯನ್ನೇ ಇನ್ನಷ್ಟು ಅದುಮಿ ಕಂಪನ ತರಬಹುದಿತ್ತು. ಈ ಮೂರು ಹಗುರ ಕೀಬೋರ್ಡ್‌ಗಳಲ್ಲಿ ಯಾವುದರಲ್ಲೂ ಅದಿಲ್ಲ. ಕಂಪನಕ್ಕೆ ಲಿವರನ್ನೇ ಮುಂದಕ್ಕೆ ತಳ್ಳುವ ಅಭ್ಯಾಸ ಮಾಡಿಕೊಂಡೆ.

ಹಾಡುವವರ ಶ್ರುತಿ ದೊಡ್ಡ ವಿಷಯ. ಚಳಿಗಾಲದ ರಾತ್ರಿ ಹನ್ನೊಂದಕ್ಕೆ ಗಂಟಲು ಕಟ್ಟಿದ ಗಾಯಕಿ ಹತ್ತಿರ ಬಂದು "ಅಣ್ಣಾ, ಅರ್ಧ ಮನೆ ಇಳಿಸಿ" (ಶ್ರುತಿ ಒಂದು ಸೆಮಿಟೋನ್ ಕೆಳಗೆ) ಅಂದರೆ, ಮೆನು ಹುಡುಕಲು ಸಮಯವಿಲ್ಲ. ಟ್ರಾನ್ಸ್‌ಪೋಸ್ ಬಟನ್ ಹೊರಗೇ ಇರಬೇಕು. ಹಾಡು ಮುಗಿದ ಕೂಡಲೇ ಅದನ್ನು ಸೊನ್ನೆಗೆ ತರಬೇಕು, ಮುಂದಿನ ಹಾಡಿನ ಪಟ್ಟಿ ನೋಡುವ ಮೊದಲೇ. ನನ್ನ ಪಟ್ಟಿಯಲ್ಲಿ ಪ್ರತಿ ಹಾಡಿನ ಮುಂದೆ ಮೂರೇ ವಿಷಯ ಬರೆದಿರುತ್ತದೆ: ಯಾರು ಹಾಡುತ್ತಾರೆ, ಎಷ್ಟು ಮನೆ, ಯಾವ ಫೇವರಿಟ್ ನಂಬರ್. ದೊಡ್ಡ ಅಕ್ಷರದಲ್ಲಿ, ಕಪ್ಪು ಶಾಯಿಯಲ್ಲಿ. ಬಣ್ಣದ ಲೈಟ್ ಬಿದ್ದಾಗ ಕೆಂಪು ಶಾಯಿ ಕಾಣುವುದೇ ಇಲ್ಲ.

ಮನೆಯಲ್ಲಿ ಹೆಡ್‌ಫೋನ್ ಹಾಕಿ ಮಾಡಿದ ಟೋನ್ ವೇದಿಕೆಯಲ್ಲಿ ಬೇರೆಯೇ ಕೇಳಿಸುತ್ತದೆ. ನಮ್ಮ ಕಡೆಯ ಸೌಂಡ್‌ನವರು ಕೊಡುವುದು ಹೆಚ್ಚಾಗಿ ಒಂದೇ ಕೇಬಲ್, ಅಂದರೆ ಮೋನೋ. ಇದು ವೀಣೆಗೆ ಹೇಳಿದ ಮೋನೋ ಅಲ್ಲ, ಎಡ ಬಲ ಎರಡೂ ಸೇರಿ ಒಂದೇ ಸದ್ದಾಗುವುದು. ಸ್ಟೀರಿಯೋದಲ್ಲಿ ಅಗಲವಾಗಿ ಹರಡಿದ ಪಿಯಾನೋ ಮೋನೋದಲ್ಲಿ ಟೊಳ್ಳಾಗುತ್ತದೆ. ಹಾಗಾಗಿ ಪ್ರತಿ ಸೆಟ್ಟಿಂಗ್ ಉಳಿಸುವ ಮೊದಲು ಎಡಗಡೆಯ ಮೋನೋ ಜ್ಯಾಕ್‌ನಿಂದ ಒಂದೇ ಸ್ಪೀಕರಿಗೆ ಹಾಕಿ ಕೇಳುತ್ತೇನೆ. ರಿವರ್ಬ್ (ಪ್ರತಿಧ್ವನಿಯ ಎಫೆಕ್ಟ್) ಅರ್ಧಕ್ಕರ್ಧ ತೆಗೆಯುತ್ತೇನೆ, ಕಲ್ಯಾಣ ಮಂಟಪದ ಗೋಡೆಗಳೇ ಬೇಕಾದಷ್ಟು ಕೊಡುತ್ತವೆ. ಸದ್ದನ್ನು ದಪ್ಪ ಮಾಡುವ ಕೋರಸ್ ಎಫೆಕ್ಟ್ ಕೂಡ ಅಷ್ಟೇ.

ಕೆಲಸ ಮುಗಿದ ದಿನವೇ ಎಲ್ಲವನ್ನೂ ಪೆನ್‌ಡ್ರೈವ್‌ಗೆ ಉಳಿಸಿ. ಎರಡು ಪೆನ್‌ಡ್ರೈವ್ ಇರಲಿ, ಒಂದು ಬ್ಯಾಗಿನಲ್ಲಿ, ಒಂದು ಮನೆಯಲ್ಲಿ. ಬ್ಯಾಗಿನಲ್ಲಿ ಇನ್ನೊಂದು ಅಡಾಪ್ಟರ್, ಎರಡು ಕೇಬಲ್, ಚಾರ್ಜ್ ಮಾಡಿದ ಎಂಟು ಬ್ಯಾಟರಿಯ ಇನ್ನೊಂದು ಸೆಟ್ ಇರಬೇಕು. ಕೀಬೋರ್ಡ್ ಆನ್ ಮಾಡುವಾಗ ಪೆಡಲ್ ಮೇಲೆ ಕಾಲಿಡಬೇಡಿ. ಕೆಲವು ಕೀಬೋರ್ಡ್‌ಗಳು ಆ ಕ್ಷಣದಲ್ಲೇ ಪೆಡಲ್‌ನ ಪೊಲಾರಿಟಿ (ಯಾವುದು ಒತ್ತಿದ ಸ್ಥಿತಿ, ಯಾವುದು ಬಿಟ್ಟ ಸ್ಥಿತಿ) ಓದಿಕೊಳ್ಳುತ್ತವೆ, ಕಾಲು ಒತ್ತಿದ್ದರೆ ಆಮೇಲೆ ಎಲ್ಲ ಉಲ್ಟಾ ಆಗುತ್ತದೆ.

ಪಿಯಾನೋ ಕಲಿತು ಬಂದವರಿಗೆ ಈ ಹಗುರ ಕೀಗಳು ಖಂಡಿತ ಸಾಲುವುದಿಲ್ಲ. ಅವರಿಗೆ ಭಾರದ ಕೀಗಳ ಡಿಎಸ್88 ಇದೆ, ಒಳಗಿನ ಟೋನ್‌ಗಳು ಅವೇ. ತೂಕ ಮಾತ್ರ 16.2 ಕೆಜಿ. ಸ್ವಂತ ಗಾಡಿ ಇದ್ದರೆ ಅದನ್ನೇ ನೋಡಿ. ನನ್ನ ಹಾಗೆ ಬಸ್ಸಿನಲ್ಲಿ ಓಡಾಡುವವರು ಅಂಗಡಿಗೆ ಹೋಗುವಾಗ ಬ್ಯಾಗನ್ನೂ ಒಯ್ಯಿರಿ. ಸ್ಟ್ಯಾಂಡ್, ಅಡಾಪ್ಟರ್, ಪೆಡಲ್ ಎಲ್ಲ ತುಂಬಿ, ಕೀಬೋರ್ಡ್ ಸಮೇತ ಹೆಗಲಿಗೇರಿಸಿ, ಅಲ್ಲಿಯ ಮೆಟ್ಟಿಲು ಒಮ್ಮೆ ಹತ್ತಿ ಇಳಿದು ನೋಡಿ. ಆಮೇಲೆ ದುಡ್ಡು ಕೊಡಿ.